ಸದ್ದು ಮಾಡುವ ಬುಟ್ಟಿ

ಲಸಿಕೆಗೆ ಕಾಯುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಅಕ್ಕ ತಂಗಿ ಮಾತಾಡುತ್ತಿದ್ದರು. ತಂಗಿಯ ಮಡಿಲಲ್ಲಿ ಎರಡು ತಿಂಗಳ ಕೂಸು ನಿದ್ದೆ ಹೋಗಿತ್ತು.

“ದೊಡ್ಡವಳು ಇನ್ನೂ ಮುಖ ಊದಿಸ್ಕೊಂಡೇ ಇದ್ದಾಳೇನೇ?”

“ಹೂಂ ಅಕ್ಕ, ಪಾಪೂ ಹತ್ರಾನೇ ಬರಲ್ಲ. ನಿನ್ನೆ ಆಟದ ಸಾಮಾನಲ್ಲಿ ಕೆಂಪು ಒಂದು ಬುಟ್ಟಿಗೆ, ಹಸಿರು ಇನ್ನೊಂದಕ್ಕೆ ಹಾಕು ಅಂದೆ. ಎಲ್ಲಾ ಕಲಸಿಟ್ಟಿದ್ಲು.”

“ಅವಳಿಗೆ ನಾಲ್ಕು ವರ್ಷ ತುಂಬಿತಲ್ಲೇ, ಬಣ್ಣ ಗೊತ್ತಾಗಲ್ವಾ?”

“ನಾನೂ ಹಾಗಂತ್ಲೇ ಗದರಿದೆ. ‘ಅಮ್ಮಾ, ಈ ಬುಟ್ಟೀದೆಲ್ಲ ಸದ್ದು ಮಾಡುತ್ತೆ, ಪಾಪು ಮಲಗಿದಾಗ ಮುಟ್ಟಬಾರದು’ ಅಂದ್ಲು.”

“ಅಯ್ಯೋ ನನ್ನ ಬಂಗಾರ!”

“ನನಗೆ ಅಳುನೇ ಬಂದುಬಿಡ್ತು. ಆಮೇಲೆ ನೋಡಿದ್ರೆ, ಅವರಪ್ಪ ಮನೆಯೆಲ್ಲ ಹುಡುಕ್ತಿದ್ದ ಫೋನೂ ಅದೇ ಬುಟ್ಟೀಲಿತ್ತು.”

“ಸದ್ಯ, ಗದರೋ ನಿನ್ನನ್ನೂ ಅದರಲ್ಲೇ ಕೂರಿಸ್ಲಿಲ್ವಲ್ಲ!”

ನರ್ಸ್ ಕರೆದರು. ಇಬ್ಬರೂ ನಗು ಅದುಮಿಕೊಂಡು, ಕೂಸಿಗೆ ಎಚ್ಚರವಾಗದಂತೆ ಮೆಲ್ಲಗೆ ಎದ್ದು ಒಳಗೆ ಹೋದರು.