ಕಾಳಿಗೆ ನೀರ ಇಳದ ಮ್ಯಾಲ

...ಚಮಚಾದಾಗ ಅಲ್ಲೋ ದಾದಾ! ಇಲಿಗೆ ಯಾರರ ಚಮಚಾ ಹಿಡದ ಔಷಧ ಕುಡಸ್ತಾರೇನು? ಸೂಜಿ. ಸೂಜಿಲೆ ಕೊಡೂದು. ಯಾಕ ನಗಾಕತ್ತಿ? ನಗಬ್ಯಾಡ, ಹೊಟ್ಟಿ ಹಿಡೀತೈತಿ. ಮೂಗಿನಾಗ ನಳಿಗಿ ಐತಿ, ಮಾತಾಡಬ್ಯಾಡ ಅಂತ ಡಾಕ್ಟರ್ ಹೇಳಿ ಹೋಗ್ಯಾರ. ನೀ ಕಣ್ಣಾಗ ಕೇಳು, ನಾ ಬಾಯಿಲೆ ಹೇಳತೀನಿ. ನಿನ್ನ ತಂಗಿ ಅಪೂರ್ವಾಗ ಮಾತಿಗೇನ ಬರ ಬಿದ್ದೈತೇನು?

ನಿನ್ನ ಹೇಣ್ತಿ ನೀಲಮ ವೈನಿ ಕೆಳಗ ಔಷಧ ತರಾಕ ಹೋಗ್ಯಾರ. ಹೋಗೂ ಮುಂದ ನನ್ನ ಕೈ ಹಿಡಕೊಂಡು, "ನಿಮ್ಮ ದಾದಾಗ ಆ ಇಲಿ ಕತಿ ಇನ್ನೊಮ್ಮೆ ಹೇಳ್ರಿ, ಕೇಳಿದ್ರ ಅವರಿಗೆ ಧೈರ್ಯ ಬರ್ತೈತಿ" ಅಂದ್ರು. ಧೈರ್ಯ ಯಾರಿಗೆ ಬೇಕಾಗೇತೋ ಏನೋ! ಹೇಳೂದು ಹೇಳಿಬಿಡ್ತೀನಿ, ಕೇಳು.

ಹೊಟ್ಟಿ ಹಿಂದ, ಬೆನ್ನಿಗೆ ಹತ್ತಿ ಒಂದ ಗ್ರಂಥಿ ಇರ್ತೈತಿ, ಪ್ಯಾಂಕ್ರಿಯಾಸ್ ಅಂತ. ಉಂಡ ಅನ್ನ ಕರಗಸೂ ರಸ ಮಾಡೂದು ಅದರ ಕೆಲಸ. ಅದಕ್ಕ ಬಾವು ಬಂದು ಉರಿ ಹತ್ತಿತಂದ್ರ, ಆ ರಸ ಅನ್ನ ಬಿಟ್ಟು ತನ್ನನ್ನ ತಾನ ತಿನ್ನಾಕ ಹತ್ತತೈತಿ. ನಿಂದೂ ಅದ ಆಗೇತಿ. ಪಿತ್ತದ ಕಲ್ಲು ಜಾರಿ ಬಂದು ದಾರಿ ಕಟ್ಟಿ ಹಿಂಗ ಮಾಡೈತಿ. ಸೆರೆ ಕುಡಿಯೋರಿಗೂ ಇದು ಬರ್ತೈತಂತ, ಮೊದಲನೇ ದಿನ ಆ ಸಣ್ಣ ಡಾಕ್ಟರ್, "ಎಷ್ಟ ವರ್ಷದಿಂದ ಕುಡಿತೀರಿ?" ಅಂದಾಗ ನಿನ್ನ ಮಾರಿ ನೋಡಬೇಕಿತ್ತು! ಉಳ್ಳಾಗಡ್ಡಿ ಸೈತ ಮುಟ್ಟದ ನಮ್ಮ ಶ್ರೇಣಿಕ ದಾದಾಗ ಸೆರೆ ಲೆಕ್ಕಾ ಕೇಳ್ಯಾರ! ನೀ ಕಣ್ಣಾಗ ನೀರ ತಂದಿದ್ದಿ. ಹೂಂ, ತಂದಿದ್ದಿ, ಬ್ಯಾನಿಗಲ್ಲ ಅದು.

ನಿಪ್ಪಾಣ್ಯಾಗ ನಮ್ಮ ಕಾಲೇಜಿನ ಲ್ಯಾಬಿನಾಗ ಇಲಿಗೂ ಇದ ರೋಗ ಬರೂ ಹಂಗ ಮಾಡತೀವಿ. ನಾವ ಮಾಡತೀವಿ. ಬೇಕಂತ... ಹಂಗ ನೋಡಬ್ಯಾಡೋ. ಹೊತ್ತ ಮುಳಗಿದ ಮ್ಯಾಲ ದೀಪಕ್ಕ ಹುಳಾ ಬಂದ ಬಿದ್ದಾವು ಅಂತ ಉಣ್ಣದ ಮನ್ಯಾಗ ಹುಟ್ಟೀನಿ, ನನಗ ಗೊತ್ತಿಲ್ಲೇನು? ಮೊದಲ ಸಲ ಇಲಿ ಹಿಡದಾಗ ಅದರ ಎದಿ ಢವಢವ ಅನ್ನೂದು ನನ್ನ ಕೈ ಬಟ್ಟಿಗೆ ಹತ್ತತಿತ್ತು. ಅವ್ವ ಒಮ್ಮೆ ಕೇಳಿದ್ಲು, "ಅಲ್ಲಬೇ, ಅವಕ್ಕೂ ನೋಯ್ತೈತಲ್ಲ?" ಅಂತ. "ನೋಯ್ತೈತಿ ಅವ್ವ, ನಾಳಿ ಮನಷ್ಯಾಗ ನೋಯಬಾರ್ದು ಅಂತ" ಅಂದೆ. ಅವತ್ತಿಂದ ಬಸದ್ಯಾಗ ನನ್ನ ಹೆಸರಿಲೆ ಜಪ ಹೆಚ್ಚ ಮಾಡಾಕತ್ತಾಳ.

ಔಷಧಾನಾ? ಹೇಳತೀನಿ ತಡಿ. ಗ್ರೋಥ್ ಫ್ಯಾಕ್ಟರ್ ಅಂತ. ಮೈಯ್ಯಾಗ ಇರೂದ ಅದು. ಹರದ ಜಾಗಾದಾಗ ಹೊಸಾದು ಬೆಳಿ ಅಂತ ಹೇಳಿ ಬೆಳಸತೈತಿ. ನಳಿಗಿ ಹಾಕೂ ಮೊದಲ, ನೀ ಅದನ್ನ ಕೇಳಿದ ದಿನಾನ ಕಾಕಾಸಾಹೇಬ ಕಾಕಾಗ ಫೋನ್ ಹಚ್ಚಿ, "ನಮ್ಮ ಅಪೂರ್ವ ಮನಷ್ಯಾಗ ಹಾಕೂ ಜಿಯೇ ಕಂಡ ಹಿಡದಾಳ್ರಿ" ಅಂದಿ! ನಿಮ್ಮ ಪಡದಾಗ ದ್ರಾಕ್ಷಿ ಗೊನಿ ಅದ್ದತೀರಲ್ಲ, ಕಾಳು ದಪ್ಪ ಆಗ್ಲಿ ಅಂತ, ಅದ ಜಿಯೇ ಔಷಧ! ಕಾಗವಾಡದಿಂದ ಅಥಣಿ ತನಕ ಎಲ್ಲಾರ ದ್ರಾಕ್ಷಿ ಪಡದಾಗೂ ಅದ ಸುದ್ದಿ. ಮೊನ್ನೆ ಒಬ್ಬಾಕಿ ನನ್ನ ಕೇಳ್ಯಾಳ, "ಔಷಧದ ಬಾನ್ಯಾಗ ಕೂಡಸ್ತೀರೇನ್ರಿ ಪೇಶಂಟನ್ನ?" ಅಂತ!

ನಗು ನಗು. ಮೆತ್ತಗ ನಗು.

ಇಲಿ ಉಳದ್ವು ದಾದಾ. ಬಾವು ಇಳೀತು. ನಾ ಕಣ್ಣಾರೆ ನೋಡೀನಿ. ಕಾಳಿಗೆ ಓಡಿ ಓಡಿ ಬರ್ತಿದ್ವು... ಏನು? ಕೈ ಬಟ್ಟ ಯಾಕ ತೋರಸ್ತಿ? ಒಂದು... ಎರಡು... ಎರಡ ಇಲಿ ಅಂತೀಯೇನು? ಅಲ್ಲಾ? ಮೊದಲ ಯಾವದು, ಆಮ್ಯಾಲ ಯಾವದು?

ಅದೇನ... ರೋಗ, ಔಷಧ, ಎಲ್ಲಾ ಹಿಂದಮುಂದ ಕೊಡೂದ ಬಿಡು. ದಿಂಬ ಸರಿ ಮಾಡ್ಲಿ? ವೈನಿ ಯಾಕ ಇನ್ನೂ ಬರಲಿಲ್ಲ... ಮತ್ತ ಅದ ಬಟ್ಟ! ಈ ದ್ರಾಕ್ಷಿ ಮಾಡೋರ ಕಾಟಾನ ಇಷ್ಟು. ಏನ ಹಾಕಿದ್ರಿ ಅಂತ ಕೇಳಂಗಿಲ್ಲ, ಯಾವಾಗ ಹಾಕಿದ್ರಿ ಅಂತ ಕೇಳತೀರಿ. ಕಾಳು ಜ್ವಾಳದಷ್ಟ ಇದ್ದಾಗ ಅದ್ದಿದ್ರ ಗೊನಿ ತುಂಬತೈತಿ. ಅದ ಕಾಳಿಗೆ ನೀರ ಇಳದು ಮೆತ್ತಗಾಗಿ ಹಣ್ಣಾಗಾಕ ಹತ್ತಿದ ಮ್ಯಾಲ, ಎಷ್ಟ ಅದ್ದಿದ್ರೂ...

ಎಷ್ಟ ಅದ್ದಿದ್ರೂ...

ದಾದಾ, ಹಂಗ ಸುಮ್ಮಕ ನೋಡಬ್ಯಾಡೋ. ಬೈಯಿ ನನಗ. ನಳಿಗಿ ಕಿತ್ತ ಒಗದು ಬೈಯಿ. ಮೊದಲ ಕೊಟ್ಟಿದ್ವಿ! ಔಷಧ ಮೊದಲ, ರೋಗ ಆಮ್ಯಾಲ. ಉಳದಾವಲ್ಲ, ಅವು ಅವ. ರೋಗ ಬಂದ ಮ್ಯಾಲ ಕೊಟ್ಟಿದ್ವಲ್ಲ, ನಿನ್ನಂಗ... ಅವಕ್ಕ ಏನೂ ಗುಣಾ ಬೀಳಲಿಲ್ಲ. ಮೂಲ್ಯಾಗ ಮುದುಡಿ ಕುಂತ್ವು. ನೀರಿಗೂ ಬರಲಿಲ್ಲ. ನಮ್ಮ ಔಷಧ ಇಲಿ ದಾಟಿ ಮನಷ್ಯಾರ ತನಕ ಬಂದೂ ಇಲ್ಲ. ನಿನ್ನೆ ಡಾಕ್ಟರ್ ನನ್ನ ಹೊರಗ ಕರದು, "ಒಳಗ ಅರ್ಧಕ್ಕರ್ಧಾ ಸತ್ತೈತಿ, ನೀವ ಓದಿದವ್ರು, ನಿಮಗ ಹೇಳತೀನಿ" ಅಂದ್ರು. ಯಾಕ ಓದಿದೆನೋ ಅನಸ್ತು. ಸುಳ್ಳ ಹೇಳಿಲ್ಲೋ ನಾ, ಅವ್ವನ ಆಣಿ! ಅರ್ಧಾ ಹೇಳಿದೆ. ಹೇಳಿದ ಕೂಡ್ಲೇ ವೈನಿ ಎಷ್ಟೋ ದಿನದ ಮ್ಯಾಲ ಕುಂತ ಒಂದ ರೊಟ್ಟಿ ಉಂಡ್ರು. ನೀನೂ ಖುಷೀಲೆ ಕಾಕಾಗ ಫೋನ್ ಹಚ್ಚಿದಿ. ಉಳಿದ ಅರ್ಧಾ ಹ್ಯಾಂಗ ಹೇಳ್ಲಿ ನಾ?

ಏನದು... ಯಾಕ ತಲಿ ಅಲ್ಲಾಡಸ್ತಿ? ಔಷಧ ನಿನಗ ಹತ್ತಂಗಿಲ್ಲ ಅಂತ ಮೊದಲ ಗೊತ್ತಿತ್ತು?

ಯಾವಾಗಿಂದ? ಕಾಕಾಗ ಫೋನ್ ಹಚ್ಚಿದಾಗೂ? ಅವತ್ತ ಅಷ್ಟ ಜೋರಲೆ ನಗಾಡಕೋತ, ಇಡೀ ವಾರ್ಡಿಗೆ ಕೇಳೂ ಹಂಗ ಹೇಳಿದ್ಯಲ್ಲೋ! ಯಾಕ ಹಂಗ... ಬಾಗಲ ಕಡೆ ಯಾಕ ನೋಡತಿ?

ವೈನಿ ಸಲುವಾಗಿ.

ಅಯ್ಯ ದಾದಾ...

ಹೂಂ. ಹೂಂ, ವೈನಿಗೆ ಹೇಳಬಾರ್ದು, ತಿಳೀತು, ಕೈ ಬಿಡು. ಇಷ್ಟ ಗಟ್ಟಿ ಹಿಡಿಯಾಕ ಎಲ್ಲಿಂದ ಬಂತೋ ಶಕ್ತಿ ನಿನಗ? ಹೇಳಂಗಿಲ್ಲ. ಹೇಳಂಗಿಲ್ಲ ಅಂದೆಲ್ಲ! ತಡಿ, ಚಪ್ಪಲಿ ಸಪ್ಪಳ ಕೇಳತೈತಿ, ಕಣ್ಣ ಒರಸ್ಕೋತೀನಿ.

ಬರ್ರಿ ವೈನಿ, ಬರ್ರಿ. ಇಲ್ರಿ, ಅಳಾಕತ್ತಿಲ್ಲ, ನಕ್ಕ ನಕ್ಕ ನೀರ ಬಂತು. ಇಲಿ ಕತಿ ಕೇಳಾಕತ್ತಿದ್ದ ದಾದಾ... ಹೌದ್ರಿ, ಹೇಳಿದೆ. ಎಲ್ಲಾ ಹೇಳಿದೆ. ಹೌದ್ರಿ ವೈನಿ... ಎಲ್ಲಾ ಉಳದ್ವು.