ಕಿಟ್ಟಣ್ಣನ ಪಟ್ಟಿಯ ಕೊಕ್ಕೆಗಳು

ಸಭೆಗೆ ಬಂದ ಹಿರಿಯರಿಗೆ, ತಾಯಂದಿರಿಗೆ, ಮುಂದಿನ ಸಾಲಿನಲ್ಲಿ ಕೂತ ಎರಡೂ ಪಕ್ಷದ ಮುಖಂಡರಿಗೆ — ನಮಸ್ಕಾರ. ಪ್ರಭಾವತಿ ಅಕ್ಕ, ನಿಶ್ಮಿತಾ, ಮನೆಯವರೆಲ್ಲರಿಗೂ — ಎಂತ ಹೇಳುವುದು. ನಿಮ್ಮ ಮುಖ ನೋಡಿ ಮಾತಾಡಲಿಕ್ಕೆ ನನಗೆ ಕಷ್ಟ ಆಗ್ತದೆ. ಹಾಗಾಗಿ ಆ ಕಿಟಕಿ ಕಡೆ ನೋಡಿ ಮಾತಾಡ್ತೇನೆ. ತಪ್ಪು ತಿಳಿಯಬೇಡಿ.

ನನ್ನನ್ನು ಕರೆಯುವಾಗ 'ದಿವಂಗತರ ಸಹೋದ್ಯೋಗಿ ಚಂದ್ರ ಪೂಜಾರಿಯವರು' ಅಂದರು. ಹಿಂದೆ ಯಾರೋ ನಕ್ಕರು. ನನಗೆ ಕೇಳಿತು. ನಗುವಂಥದ್ದೇ. ಕಿಟ್ಟಣ್ಣ ಶೆಟ್ಟರು ಗದ್ದೆ, ತೋಟ, ಬೊಂಬಾಯಿಯಲ್ಲಿ ತಮ್ಮನ ಹೋಟೆಲು ಅಂತ ಇದ್ದವರು. ನಾನು ವಂಡ್ಸೆ ಪೇಟೆಯಲ್ಲಿ ತೆಂಗಿನಕಾಯಿ ವ್ಯಾಪಾರದವನು. ಎಲ್ಲಿಯ ಸಹೋದ್ಯೋಗ? ಆದರೆ ಮೂವತ್ತನಾಲ್ಕು ವರ್ಷ — ವಿಧಾನಸಭೆ, ಲೋಕಸಭೆ, ಜಿಲ್ಲಾ ಪಂಚಾಯತು, ಎಷ್ಟು ಚುನಾವಣೆ ಬಂತೋ ಅಷ್ಟಕ್ಕೂ — ಇದೇ ಶಾಲೆಯ ಇದೇ ಕೋಣೆಯಲ್ಲಿ, ಅಗೋ, ಆ ಕಿಟಕಿ ಪಕ್ಕದ ಬೆಂಚಿನಲ್ಲಿ ಒಟ್ಟಿಗೆ ಕೂತವರು ನಾವು. ಅವರು ಅವರ ಪಕ್ಷದ ಏಜೆಂಟ್. ನಾನು ನಮ್ಮ ಪಕ್ಷದ ಏಜೆಂಟ್. ಇಬ್ಬರದ್ದೂ ಒಂದೇ ಉದ್ಯೋಗ. ಬರುವವರ ಮೇಲೆ ಡೌಟು ಪಡುವುದು.

ನಗಬೇಡಿ, ನಿಜ. ಬೂತ್ ಏಜೆಂಟ್ ಅಂದರೆ ಅಷ್ಟೇ. ಬಂದವರು ಅವರೇ ಹೌದಾ, ಸತ್ತವರ ಹೆಸರಿನಲ್ಲಿ ಯಾರಾದರೂ ಬಂದರಾ, ಒಂದು ಸಲ ಶಾಯಿ ಹಾಕಿಸಿಕೊಂಡ ಬೆರಳು ಮತ್ತೆ ಬಂತಾ — ಬೆಳಿಗ್ಗೆ ಏಳರಿಂದ ಸಂಜೆವರೆಗೆ ಇದೇ ಕೆಲಸ. ನನಗೆ ಅದು ಹೊಸತಲ್ಲ. ನಾನು ಕಾಯಿಯನ್ನು ಬಡಿದು ನೋಡದೆ ತಗೊಳ್ಳುವ ಮನುಷ್ಯನೇ ಅಲ್ಲ. ಕಾಯಿ ತಂದವರನ್ನೂ ಒಮ್ಮೆ ಬಡಿದು ನೋಡಬೇಕು ಅಂತ ಅನಿಸ್ತದೆ.

ಈಗ ಇಲ್ಲಿ ನಿಂತಾಗಲೂ ಅನಿಸ್ತಾ ಉಂಟು. ಈ ಬ್ಯಾನರ್ ನೋಡಿ. ಕಿಟ್ಟಣ್ಣನ ಫೋಟೋ, ಕೆಳಗೆ 'ಪಕ್ಷದ ನಿಷ್ಠಾವಂತ ಕಾರ್ಯಕರ್ತ'. ದೊಡ್ಡ ಅಕ್ಷರ. ಎಂಟು ತಿಂಗಳು ಈ ಊರಿನಲ್ಲಿ ಅವರಿಗೆ ಬೇರೆ ಹೆಸರು ಇತ್ತು. ಆ ಹೆಸರು ಇಟ್ಟವರೂ ಇಲ್ಲಿದ್ದಾರೆ, ಬ್ಯಾನರ್ ಮಾಡಿಸಿದವರೂ ಇಲ್ಲಿದ್ದಾರೆ. ಬೇರೆ ಬೇರೆ ಜನ ಅಲ್ಲ. ಹಾಗಾಗಿ ನನಗೆ ಡೌಟು — ನೀವು ಬಂದದ್ದು ಕಿಟ್ಟಣ್ಣನಿಗಾಗಿಯಾ, ಇದಕ್ಕಾಗಿಯಾ?

ಹೌದು. ಈ ಚೀಲದಲ್ಲಿರುವುದು ಅದೇ. ಅವರ ಪಟ್ಟಿ. ಸ್ವಲ್ಪ ತಾಳಿ, ಹೇಳ್ತೇನೆ.

ಮೊದಲ ವರ್ಷದ ಒಂದು ಸಂಗತಿ ಹೇಳಬೇಕು. ಮಧ್ಯಾಹ್ನ ಪ್ರಭಾವತಿ ಅಕ್ಕ ಗಂಡನಿಗೆ ಅಂತ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ, ಹುರುಳಿ ಚಟ್ನಿ ಕಳಿಸಿದರು. ಎರಡು ಬುತ್ತಿ. ಒಂದು ನನಗೆ. ನಾನು ಮುಟ್ಟಲಿಲ್ಲ. ಶತ್ರು ಪಕ್ಷದ ಗಂಜಿ — ಉಂಡು ಹೊಟ್ಟೆ ಕೆಟ್ಟು ನಾನು ಹೊರಗೆ ಓಡಿದರೆ ಇವರು ಇಲ್ಲಿ ಎಂತ ಮಾಡ್ತಾರೋ ಅಂತ. ದೇವರಾಣೆಗೂ ಹಾಗೇ ಯೋಚನೆ ಮಾಡಿದ್ದೆ. ಕಿಟ್ಟಣ್ಣನಿಗೆ ಗೊತ್ತಾಯಿತು. ಬುತ್ತಿ ಅದಲು ಬದಲು ಮಾಡಿದರು, ನನ್ನದನ್ನು ಅವರು ಉಣ್ಣಲಿಕ್ಕೆ ಸುರು ಮಾಡಿ, ತಲೆ ಎತ್ತದೆ ಹೇಳಿದರು: "ಉಣ್ ಮಾರಾಯ. ಪಕ್ಷ ಬೇರೆ ಆರೆ ಹೊಟ್ಟಿ ಬೇರೆ ಆತ್ತಾ?"

ಅಷ್ಟರವರೆಗೆ ನಾನು ಅವರನ್ನು 'ಶೆಟ್ರೆ' ಅಂತ ಕರೆಯುತ್ತಿದ್ದೆ. ನನ್ನ ಅಪ್ಪ ನಾಗ ಪೂಜಾರಿ ಅವರ ಮನೆಯ ಗೇಣಿ ಒಕ್ಕಲು. ಅಪ್ಪ ಅವರ ಅಂಗಳದಲ್ಲಿ ಹಾಗೇ ಕರೆದದ್ದು, ಕೈ ಕಟ್ಟಿ. ಆ ದಿನ ಗಂಜಿ ಉಂಡ ಮೇಲೆ 'ಕಿಟ್ಟಣ್ಣ' ಅಂತ ನನ್ನ ಬಾಯಲ್ಲಿ ಬಂತು. ಅವರು ಹ್ಞೂಂ ಅಂದರು. ಅದೇ ಉಳಿಯಿತು.

ಈಗ ಪಟ್ಟಿಯ ವಿಷಯ. ಚುನಾವಣೆಗೆ ಮೊದಲು ಏಜೆಂಟ್ ತನ್ನ ಮತದಾರರ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಪೆನ್ಸಿಲಲ್ಲಿ ಗುರುತು ಹಾಕ್ತಾನೆ. ನಮ್ಮವರಿಗೆ ಸರಿ. ಆಚೆಯವರಿಗೆ ಕತ್ರಿ. ಗೊತ್ತಿಲ್ಲದವರಿಗೆ ಪ್ರಶ್ನೆ ಚಿಹ್ನೆ — ಅದಕ್ಕೆ ಕಿಟ್ಟಣ್ಣ 'ಕೊಕ್ಕೆ' ಅನ್ನುತ್ತಿದ್ದರು. ಪೇರಳೆ ಕೊಯ್ಯುವ ಕೊಕ್ಕೆ ಉಂಟಲ್ಲ, ಆ ಆಕಾರ. ಯಾವ ಮನೆಗೆ ಬ್ರಹ್ಮಾವರದಿಂದ ಸೊಸೆ ಬಂದಳು, ಅವಳ ತವರಿನವರು ಯಾವ ಕಡೆ, ಯಾರು ಗಂಡನ ಮಾತು ಕೇಳ್ತಾರೆ, ಯಾರು ಕೇಳಿದ ಹಾಗೆ ಮಾಡ್ತಾರೆ — ಎಲ್ಲ ಅವರಿಗೆ ಗೊತ್ತಿತ್ತು. ಎಂಟುನೂರ ಅರವತ್ತು ಹೆಸರಿನಲ್ಲಿ ಹತ್ತಕ್ಕಿಂತ ಹೆಚ್ಚು ಕೊಕ್ಕೆ ಅವರ ಪಟ್ಟಿಯಲ್ಲಿ ನಾನು ಕಂಡಿಲ್ಲ. ಎಣಿಕೆಯ ದಿನ ನೋಡಿದರೆ ಐದಾರು ಓಟು ಆಚೆ ಈಚೆ, ಅಷ್ಟೇ. ಅವರ ಕಡೆಗೆ ಆರುನೂರು, ನಮಗೆ ನೂರು ನೂರಿಪ್ಪತ್ತು. ಪ್ರತಿ ಸಲ. ನಾನು ಸೋಲಲಿಕ್ಕೇ ಬರುತ್ತಿದ್ದೆ, ಸರಿಯಾಗಿ ಸೋತೆವೋ ಅಂತ ಖಾತ್ರಿ ಮಾಡಿ ಹೋಗುತ್ತಿದ್ದೆ.

ಕಳೆದ ಚುನಾವಣೆ. ನಿಮಗೆಲ್ಲ ಗೊತ್ತುಂಟು. ನಮ್ಮ ಬೂತಿನಲ್ಲಿ ನಮಗೆ ಮುನ್ನೂರ ಎಂಬತ್ತು. ಅವರಿಗೆ ಮುನ್ನೂರ ಹತ್ತು.

ನಮ್ಮ ಪಕ್ಷದವರು ಪಟಾಕಿ ಹೊಡೆದರು. ನಾನು ಹೋಗಲಿಲ್ಲ. ಮೂವತ್ತನಾಲ್ಕು ವರ್ಷ ಸೋತವನಿಗೆ ಗೆದ್ದದ್ದು ಅಷ್ಟು ಸುಲಭದಲ್ಲಿ ನಂಬಿಕೆ ಬರುವುದಿಲ್ಲ. ಇದು ಹೇಗೆ ಆಯಿತು? ಯಾರು ಮಾಡಿದರು? ಯಾರಿಗೆ ಲಾಭ? — ಊಟ ಸೇರಲಿಲ್ಲ ನನಗೆ.

ಟಿವಿಯವರು ಬಂದರು. ಸಂಪ್ರದಾಯಸ್ಥ ಊರು ಒಮ್ಮೆಗೇ ಹೇಗೆ ತಿರುಗಿತು ಅಂತ ಒಬ್ಬಳು ಹೆಣ್ಣುಮಗಳು ಮೈಕ್ ಹಿಡಿದು ಕೇಳುತ್ತಾ ಬಂದಳು. ಎಲ್ಲರೂ ಹೇಳಿದ್ದು ಒಂದೇ — ನಮ್ಮ ಊರು ಮೊದಲಿನಿಂದ ಹೀಗೇ, ಈ ಸಲ ಯಾರೋ ಕೈವಾಡ ಮಾಡಿದ್ದಾರೆ. ಕಿಟ್ಟಣ್ಣ ಅಲ್ಲೇ ಅಂಗಡಿ ಬದಿಯಲ್ಲಿ ಕೂತವರು ಕೇಳಿದರು: "ಮೊದ್ಲಿಂದ ಅಂದ್ರೆ ಯಾವಾಗಿಂದ?"

ಅಷ್ಟಕ್ಕೇ ಅವರು ಬಿಡಲಿಲ್ಲ. ಭೂಸುಧಾರಣೆ ಬಂದು, ಡಿಕ್ಲರೇಶನ್ ಕೊಟ್ಟು ಒಕ್ಕಲುಗಳಿಗೆ ಭೂಮಿ ಸಿಕ್ಕಿದ ಕಾಲದಲ್ಲಿ ಇದೇ ಶಾಲೆಯಲ್ಲಿ ಓಟು ನಮ್ಮ ಪಕ್ಷಕ್ಕೇ ಬಿದ್ದಿತ್ತು ಅಂತ ಹೇಳಿದರು. ತನ್ನ ಮನೆಯ ಭೂಮಿ ಹೋದದ್ದು ಹೇಳಿದರು. ತನ್ನ ಅಪ್ಪ ಆರು ತಿಂಗಳು ಪೇಟೆಗೆ ಇಳಿಯದೆ ಕೂತದ್ದು ಹೇಳಿದರು. ಆ ಭೂಮಿಯ ಅಕ್ಕಿ ಉಂಡ ಮಕ್ಕಳೇ ಬೊಂಬಾಯಿಗೆ ಹೋಗಿ, ಬಂದು, ಮನೆ ಕಟ್ಟಿ, ಈಗ ಸೋತ ತನ್ನ ಪಕ್ಷ ಕಟ್ಟಿದ್ದು ಹೇಳಿದರು. ಕಡೆಗೆ ಅಂದರು: "ಊರ್ ತಿರ್ಗಿದ್ದಲ್ಲ ಹೆಣ್ಣೇ. ತಿರ್ಗಿ ಬಂದದ್."

ಟಿವಿಯಲ್ಲಿ ಬಂದದ್ದು ಆ ಎರಡು ಮಾತು ಮಾತ್ರ. ಹಿಂದೆ ಮುಂದೆ ಎಲ್ಲ ಕತ್ತರಿಸಿದ್ದರು. ಸಾಕಲ್ಲ. ಮರುದಿನವೇ ಊರೆಲ್ಲ ಒಂದೇ ಸುದ್ದಿ — ಕಿಟ್ಟ ಶೆಟ್ಟರೇ ಒಳಗಿಂದ ತಿರುಗಿಸಿದ್ದು, ದ್ರೋಹಿ.

ಪ್ರಖ್ಯಾತ್ ಇಲ್ಲೇ ಇದ್ದಾರೆ. ಕಿಟ್ಟಣ್ಣನ ತಂಗಿ ಮಗ, ಅವರ ಪಕ್ಷದ ಈಗಿನ ಮುಖಂಡರು. ಪ್ರಖ್ಯಾತ್, ನೀವು ಮಾವನ ಹತ್ತಿರ ಹೋಗಿ ಪಟ್ಟಿ ಕೇಳಿದಿರಿ. ಪಟ್ಟಿ ಇಟ್ಟುಕೊಂಡು ಮನೆ ಮನೆ ತಾಳೆ ನೋಡಿದರೆ ಯಾರು ಕೈ ಕೊಟ್ಟರು ಗೊತ್ತಾಗ್ತದೆ ಅಂತ. ಗೊತ್ತಾದ ಮೇಲೆ? ಇಂಥ ಮನೆಗೆ ನೀರಿನ ಪೈಪು ಬೇಡ, ಇಂಥವರ ರಸ್ತೆ ಇನ್ನೊಂದು ವರ್ಷ ಹಾಗೇ ಇರಲಿ — ಇದನ್ನೆಲ್ಲ ನಾವು ಕಂಡವರೇ. ಮಾವ ಎಂತ ಹೇಳಿದರು? "ಪಟ್ಟಿಗೆ ಒರ್ಲಿ ಹಿಡ್ದಿತ್." ಗೆದ್ದಲು ತಿಂದಿತಂತೆ. ನೀವು ನಂಬಲಿಲ್ಲ. ಅವರ ಏಜೆಂಟ್ ಕೆಲಸ ತೆಗೆದಿರಿ. ಆಮೇಲೆ ನಿಮ್ಮ ಕಡೆಯವರು ಯಾರೂ ಅವರ ಅಂಗಳಕ್ಕೆ ಕಾಲಿಡಲಿಲ್ಲ.

ನಿಮ್ಮನ್ನು ಮಾತ್ರ ಹೇಳುವುದಿಲ್ಲ. ನಮ್ಮ ಕಡೆ ಯೋಗೀಶರೂ ಇದ್ದಾರೆ. ಚುನಾವಣೆಗೆ ಮೂರು ವಾರ ಮೊದಲು ಅವರ ಪಕ್ಷದಿಂದ ನಮ್ಮ ಪಕ್ಷಕ್ಕೆ ಬಂದವರು, ಇಪ್ಪತ್ತು ಜನ ಕಟ್ಟಿಕೊಂಡು. ಯೋಗೀಶರು ನನ್ನ ಅಂಗಡಿಗೆ ಬಂದು ಅದೇ ಪಟ್ಟಿ ತರಿಸಿಕೊಡಿ ಅಂದರು. ನಿಮಗೆ ಯಾಕೆ ಅಂದೆ. ಯಾರು ನಮ್ಮವರು ಅಂತ ಗೊತ್ತಿರಬೇಕಲ್ಲ ಅಂದರು. ಇಬ್ಬರಿಗೂ ಬೇಕಾದದ್ದು ಒಂದೇ ಕಾಗದ.

ಈಗ ನನ್ನ ವಿಷಯ. ಅಕ್ಕ, ಇದು ನಿಮಗೆ ಗೊತ್ತುಂಟು, ನೀವು ಆಗ ಚಾವಡಿಯಲ್ಲೇ ಇದ್ದಿರಿ.

ನಾನೂ ಹೋದೆ. ಪಟ್ಟಿ ಕೊಡುವುದಿಲ್ಲ ಅಂದರೆ ಮುಚ್ಚಿಡುವಂಥದ್ದು ಎಂತದೋ ಉಂಟು — ನನ್ನ ತಲೆ ಹಾಗೇ ಓಡುವುದು. ಕೂತುಕೊಳ್ಳಲಿಕ್ಕೆ ಹೇಳಿದರು, ಕೂರಲಿಲ್ಲ. ಅಂಗಳದಲ್ಲೇ ನಿಂತು ಕೇಳಿದೆ: "ಶೆಟ್ರೆ, ಸತ್ಯ ಹೇಳಿ. ನೀವೇ ತಿರ್ಗ್ಸಿದ್ದಾ?"

ಅವರು ನನ್ನನ್ನು ನೋಡಿದರು. "ನಿಂಗೂ ಡೌಟಾ?" ಅಂದರು. ಆಮೇಲೆ ಮೆಲ್ಲಗೆ ಹೇಳಿದರು — "ಶೆಟ್ರೆ ಅಂದ್ಯಲ್ಲಾ, ಚಂದ್ರ."

ನಾನು ಹೊರಟು ಬಂದೆ. ಮತ್ತೆ ಆ ಮನೆಗೆ ಹೋದದ್ದು ಅವರ ಹೆಣ ನೋಡಲಿಕ್ಕೆ.

ಕ್ಷಮಿಸಿ. ಒಂದು ಗುಟುಕು ನೀರು —

ಮೊನ್ನೆ ಉತ್ತರಕ್ರಿಯೆ ಆಗಿ, ಬೊಜ್ಜದ ಊಟ ಮುಗಿದ ಮೇಲೆ ನಿಶ್ಮಿತಾ ನನ್ನನ್ನು ಬದಿಗೆ ಕರೆದಳು. ಈ ಚೀಲ ಕೊಟ್ಟಳು. "ನಿಮ್ಮ್ ಕೈಯಗೇ ಕೊಡ್ಕ್ ಅಂದಿದ್ರ್ ಅಜ್ಜ" ಅಂದಳು. ಮನೆಗೆ ತಂದು ಬಿಚ್ಚಿದೆ. ಕಳೆದ ಚುನಾವಣೆಯ ಪಟ್ಟಿ. ಗೆದ್ದಲೂ ಇಲ್ಲ, ಎಂತದೂ ಇಲ್ಲ.

ಮೊದಲ ಪುಟ ನೋಡಿದೆ. ಎಲ್ಲ ಕೊಕ್ಕೆ. ಎರಡನೆಯ ಪುಟ, ಎಲ್ಲ ಕೊಕ್ಕೆ. ಹಿಂದಿನ ಗುರುತು ರಬ್ಬರಲ್ಲಿ ಉಜ್ಜಿ ಉಜ್ಜಿ ತೆಗೆದಿದ್ದಾರೆ. ಕಾಗದ ಕೆಲವು ಕಡೆ ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಹಳೆಯ ಸರಿ, ಹಳೆಯ ಕತ್ರಿ ಗೀರಿನ ಹಾಗೆ ಕಾಣ್ತದೆ. ಅದರ ಮೇಲೆ ಕೊಕ್ಕೆ. ಪ್ರಖ್ಯಾತ್, ನಿಮ್ಮ ಹೆಸರಿಗೆ ಕೊಕ್ಕೆ. ಯೋಗೀಶರೇ, ನಿಮಗೂ. ಪ್ರಭಾವತಿ ಅಕ್ಕನಿಗೆ ಕೊಕ್ಕೆ — ಮನೆಯಲ್ಲಿ ಐವತ್ತು ವರ್ಷ ಒಟ್ಟಿಗೆ ಇದ್ದವರಿಗೆ. ಅವರದೇ ಹೆಸರಿನ ಮುಂದೆ ಸಹ ಕೊಕ್ಕೆ. ಊರಿಡೀ ಅವರ ಮೇಲೆ ಡೌಟು ಪಟ್ಟಾಗ, ತನ್ನ ಹೆಸರಿಗಾದರೂ ಒಂದು ಸರಿ ಇಟ್ಟುಕೊಂಡು ಪಟ್ಟಿಯನ್ನು ಎದುರಿಗೆ ಎಸೆಯಬಹುದಿತ್ತು. ಎಸೆಯಲಿಲ್ಲ. ಒಬ್ಬರ ಹೆಸರೂ ಯಾರ ಕೈಗೂ ಸಿಗದ ಹಾಗೆ ಮಾಡಿದರು. ಏನು ಮಾಡ್ತಾ ಇದ್ದರು ಆ ಎಂಟು ತಿಂಗಳು ಒಬ್ಬರೇ ಕೂತು ಅಂತ ಕೇಳುತ್ತಿದ್ದಿರಲ್ಲ — ಇದು.

ಎಂಟುನೂರ ಅರವತ್ತು ಹೆಸರು. ಎಂಟುನೂರ ಐವತ್ತೊಂಬತ್ತು ಕೊಕ್ಕೆ. ನಾನು ಮೂರು ಸಲ ಎಣಿಸಿದೆ. ಒಂದು ಹೆಸರಿನ ಹಳೆಯ ಗುರುತು ಮಾತ್ರ ಉಜ್ಜಲಿಲ್ಲ. ದಪ್ಪ ಕತ್ರಿ, ಹಾಗೇ ಉಂಟು. 'ಚಂದ್ರ ಪೂಜಾರಿ, ತಂದೆ ನಾಗ ಪೂಜಾರಿ.'

ಇವನ ಮೇಲೆ ಡೌಟಿಲ್ಲ. ಇವನು ಆಚೆಯವನು, ಖಂಡಿತ ಆಚೆಯವನು. ಅಂದರೆ — ಈ ಊರಿನಲ್ಲಿ ಅವರಿಗೆ ಖಾತ್ರಿ ಇದ್ದ ಮನುಷ್ಯ ನಾನು ಒಬ್ಬ. ಅವರ ಅಂಗಳದಲ್ಲಿ ನಿಂತು 'ಶೆಟ್ರೆ' ಅಂದ ನಾನು.

ಮುಖಂಡರೇ, ಈಗ ಹೇಳುವುದನ್ನು ಕೇಳಿ ಎದ್ದು ಹೋಗುವವರು ಹೋಗಬಹುದು. ಆ ಗುರುತು ತಪ್ಪು.

ಕಳೆದ ಚುನಾವಣೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಈ ಬೂತಿನ ಮೊದಲ ಓಟು ನನ್ನದು. ಒಳಗೆ ಬರುವಾಗ ಹೊರಗೆ ನಮ್ಮ ಪಕ್ಷದ ಮೇಜಿನ ಹಿಂದೆ ಯೋಗೀಶರನ್ನು ಕಂಡೆ, ಅವರ ಇಪ್ಪತ್ತು ಜನರನ್ನು ಕಂಡೆ. ಶಾಲಿನ ಬಣ್ಣ ಬೇರೆ ಆಗಿತ್ತು, ಶಾಲು ಹೊದ್ದ ಭುಜ ಅವೇ. ಮೂವತ್ತನಾಲ್ಕು ವರ್ಷ ನಮ್ಮನ್ನು ಹೀಯಾಳಿಸಿದ ಭುಜಗಳು. ಇಷ್ಟು ಜನ ನಮ್ಮ ಕಡೆ ಬಂದರೆ ಇದು ಇನ್ನು ನಮ್ಮ ಪಕ್ಷ ಅಲ್ಲ ಅಂತ ನನಗೆ ಡೌಟು ಬಂತು. ಒಳಗೆ ಹೋದೆ. ಕಿಟ್ಟಣ್ಣನ ಪಕ್ಷದ ಗುಂಡಿ ಒತ್ತಿದೆ. ಜೀವಮಾನದಲ್ಲಿ ಅದೊಂದೇ ಸಲ. ಹೊರಗೆ ಬಂದು ಕಿಟ್ಟಣ್ಣನ ಪಕ್ಕದಲ್ಲಿ ಕೂತು, ಮಧ್ಯಾಹ್ನ ಅವರ ಮನೆಯ ಗಂಜಿ ಉಂಡೆ.

ತನ್ನ ಪಕ್ಷಕ್ಕೆ ಕೈ ಕೊಟ್ಟ ಏಜೆಂಟ್ ಯಾರು ಅಂತ ಹುಡುಕುತ್ತಿದ್ದಿರಲ್ಲ. ನಾನು. ಕಿಟ್ಟಣ್ಣ ಎಂತ ಒತ್ತಿದರು ನನಗೆ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಾನು ಒತ್ತಿದ್ದು ನನಗೆ ಗೊತ್ತುಂಟು. ಗೊತ್ತಿದ್ದೂ ಹೋಗಿ ಅವರನ್ನು ಕೇಳಿದೆ. ಆ ನಾಚಿಕೆ ನನ್ನನ್ನು ತಿನ್ನುತ್ತಾ ಉಂಟು, ಅಕ್ಕ. ನೀವು ಕ್ಷಮಿಸಿ ಅಂತ ಕೇಳುವ ಬಾಯಿಯೂ ನನಗಿಲ್ಲ.

ಒಂದು ಪೆನ್ಸಿಲು ತಂದಿದ್ದೇನೆ. ಇಗೋ — ನಿಮ್ಮೆಲ್ಲರ ಎದುರು, ನನ್ನ ಹೆಸರಿನ ಕತ್ರಿಯ ಮೇಲೆ — ಚಂದ ಬರಲಿಲ್ಲ — ಕೊಕ್ಕೆ. ಈಗ ಎಂಟುನೂರ ಅರವತ್ತು. ಲೆಕ್ಕ ಸರಿ ಆಯಿತು ಕಿಟ್ಟಣ್ಣ.

ನಿಶ್ಮಿತಾ, ಬಾ ಮಗಾ. ಇದನ್ನು ಅಜ್ಜಿ ಕೈಗೆ ಕೊಡು. ಮನೆಗೆ ಹೋದವರೇ ಬಚ್ಚಲ ಒಲೆಗೆ ಹಾಕಿ, ಅಕ್ಕ. ಬೆಳಕಿಗೆ ಹಿಡಿದು ಓದುವ ಕಣ್ಣುಗಳು ಈ ಕೋಣೆಯಲ್ಲಿ ಬಹಳ ಉಂಟು, ನನ್ನದೂ ಸೇರಿ.

ಇನ್ನು ಎಲ್ಲರೂ ಎದ್ದು ನಿಲ್ಲಿ. ಒಂದು ನಿಮಿಷ. ಹಿರಿಯರು ಕೂತೇ ಇದ್ದರೂ ಅಡ್ಡಿಲ್ಲ. ಒಂದೇ ಒಂದು ವಿನಂತಿ — ಯಾರು ಎದ್ದರು, ಯಾರು ಯಾರ ಪಕ್ಕದಲ್ಲಿ ನಿಂತರು ಅಂತ ಈ ಒಂದು ನಿಮಿಷ ನೋಡಬೇಡಿ. ಕಣ್ಣು ಮುಚ್ಚಿ. ನಾನೂ ಮುಚ್ಚುತ್ತೇನೆ.