ಮಾವನವರ ಟೆಂಟಿನಲ್ಲಿ ಹಚ್ಚಿದ ದೀಪ

ಹೆಸರು: ಬುರುಲ್, ಗಂಡ ತುರುಸ್‌ಬೆಕ್. ವಯಸ್ಸು: 38 ವರ್ಷ. ಕಸುಬು: ಕುದುರೆ ಹಾಲು ಕರೆದು ಹುಳಿ ಬರಿಸಿ ಕುಮಿಸ್ ಮಾಡಿ ಮಾರುವುದು, ಪ್ರವಾಸಿಗರಿಗೆ ಉಣ್ಣೆಯ ಗುಡಾರ ಬಾಡಿಗೆಗೆ ಕೊಡುವುದು. ವಾಸ: ಸೂಸಾಮಿರ್ ಕಣಿವೆಯ ಬೇಸಿಗೆ ಹುಲ್ಲುಗಾವಲು, ಕಿರ್ಗಿಸ್ತಾನ.

ಈ ಮೂಲಕ ತಿಳಿಸುವುದೇನೆಂದರೆ, ನಮ್ಮ ಗುಡಾರ ಹೊಳೆಯ ಈಚೆ ದಡದಲ್ಲಿದೆ. ಆಚೆ ದಡದಲ್ಲಿ, ಸುಮಾರು ಒಂದೂವರೆ ಕಿಲೋಮೀಟರ್ ದೂರದಲ್ಲಿ, ಶಾರ್ಶೆನ್ ಎಂಬ 71 ವರ್ಷದ ಹಿರಿಯರು ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಕುದುರೆ ಮೇಯಿಸಿಕೊಂಡಿದ್ದಾರೆ. ನನ್ನ ಮಾವನವರಿಗೆ 74 ವರ್ಷ. ಸೊಸೆಯಾದ ನಾನು ಅವರ ಹೆಸರನ್ನು ಬಾಯಲ್ಲಿ ಹೇಳುವಂತಿಲ್ಲ. ಗುರುತಿನ ಚೀಟಿ ಮೇಜಿನ ಮೇಲಿಟ್ಟಿದ್ದೇನೆ, ಠಾಣೆಯ ಸಾಹೇಬರು ನೋಡಿ ಬರೆದುಕೊಳ್ಳಬೇಕು. ಇವರಿಬ್ಬರೂ ಚಿಕ್ಕಂದಿನಿಂದ ಜೊತೆಗಾರರು. ಒಂಬತ್ತು ವರ್ಷದ ಹಿಂದೆ ಒಂದು ಮದುವೆಯ ಊಟದಲ್ಲಿ ಶಾರ್ಶೆನ್ ಅವರು ನಮ್ಮ ಕುಮಿಸ್‌ಗೆ ನೀರು ಬೆರೆಸಿದ್ದಾರೆ ಎಂದು ನೂರಾರು ಜನರ ಎದುರು ಅಂದುಬಿಟ್ಟರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಬ್ಬರು ಹೊಳೆಗೆ ಕುದುರೆ ತಂದರೆ ಇನ್ನೊಬ್ಬರು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

ಸೆಪ್ಟೆಂಬರ್ 18ರಂದು, ಮರುದಿನ ಬಿಷ್ಕೆಕ್‌ನಿಂದ ಪ್ರವಾಸಿಗರು ಬರುವವರಿದ್ದ ಕಾರಣ ಗುಡಾರ ಖಾಲಿ ಮಾಡಬೇಕಾಯಿತು. ಹೋದ ವರ್ಷ ಯಾರೋ ಬಿಟ್ಟುಹೋದ ಬಿಳಿ ಟೆಂಟ್ ಇತ್ತು. ಮಾವನವರು ಅದನ್ನು ಮೂವತ್ತು ಮೀಟರ್ ದೂರದಲ್ಲಿ ಹಾಕಿಸಿಕೊಂಡು, ತಾನು ಅಲ್ಲೇ ಮಲಗುವೆನೆಂದರು. ಅವರು ನಸುಕಿಗೇ ನಮಾಜಿಗೆ ಏಳುತ್ತಾರೆ. ಟಾರ್ಚ್ ಕೆಟ್ಟಿತ್ತು. ಬರಿ ಮೇಣದಬತ್ತಿ ಕೊಟ್ಟರೆ ಟೆಂಟಿನ ಬಟ್ಟೆಗೆ ಬೆಂಕಿ ಹತ್ತೀತೆಂಬ ಭಯದಿಂದ ನಾನೇ ಒಂದು ಲಾಟೀನು ಮಾಡಿದೆ.

ಪ್ರವಾಸಿಗರು ಎಸೆದುಹೋದ ಬಟಾಣಿಯ ದೊಡ್ಡ ಡಬ್ಬ ತೆಗೆದುಕೊಂಡೆ. ಖಾಲಿ ಡಬ್ಬಕ್ಕೆ ಮೊಳೆ ಹೊಡೆದರೆ ತಗಡು ಒಳಕ್ಕೆ ನೆಗ್ಗುತ್ತದೆ. ಆದ್ದರಿಂದ ಹಿಂದಿನ ರಾತ್ರಿಯೇ ನೀರು ತುಂಬಿಸಿ ಹೊರಗಿಟ್ಟಿದ್ದೆ, ಬೆಳಿಗ್ಗೆ ಮಂಜುಗಡ್ಡೆಯಾಗಿತ್ತು. ಸುತ್ತ ಮೊಳೆಯಿಂದ ತೂತು ಹೊಡೆದು, ಮಂಜುಗಡ್ಡೆ ಕರಗಿಸಿ, ತಳಕ್ಕೆ ಮರಳು ಹಾಕಿ, ಉಳಿದ ಮೇಣದ ತುಂಡುಗಳನ್ನು ಕಾಯಿಸಿ ಒಂದೇ ಬತ್ತಿ ಮಾಡಿ ನಿಲ್ಲಿಸಿದೆ. ಮುರಿದ ಬಕೆಟಿನ ತಂತಿಯೇ ಹಿಡಿ. ಮಾವನವರು ತಿರುಗಿಸಿ ನೋಡಿ, "ಪರವಾಗಿಲ್ಲ ಕಣಮ್ಮ, ಕಸದಲ್ಲೂ ಬೆಳಕಿತ್ತು ಅಂತಾಯ್ತು" ಎಂದರು. ಅವರು ಹೊಗಳುವುದು ಅಪರೂಪ, ಹಾಗಾಗಿ ನನಗೆ ಖುಷಿಯಾಯಿತು. ಆ ಸಂಜೆ ಲಾಟೀನನ್ನು ಟೆಂಟಿನ ಬಾಗಿಲ ಕಂಬಕ್ಕೆ ತೂಗುಹಾಕಿ ಹಚ್ಚಿದೆ. ಕೆಟ್ಟ ಉದ್ದೇಶ ಯಾವುದೂ ಇರಲಿಲ್ಲ.

19ರಂದು ಮಧ್ಯಾಹ್ನ ಎರಡು ಕಾರುಗಳಲ್ಲಿ ಪ್ರವಾಸಿಗರು ಬಂದರು. ಅವರಿಗಾಗಿ ಕುರಿ ಕೊಯ್ದೆವು. ನನ್ನ ಗಂಡ ಕುಮಿಸ್ ಕ್ಯಾನುಗಳನ್ನು ಜೀಪಿಗೆ ಹೇರಿಕೊಂಡು ಘಾಟಿ ದಾಟಿ ಪೇಟೆಗೆ ಹೋದರು. ಸಂಜೆ ಆರಕ್ಕೆ ಬರಬೇಕಿತ್ತು, ಏಳಾದರೂ ಬರಲಿಲ್ಲ. ಕತ್ತಲಾಗುತ್ತಿದ್ದಂತೆ ಮತ್ತೆ ಲಾಟೀನು ಹಚ್ಚಿ ಬಂದೆ. ಮಾವನವರು ಒಳಗೆ ಅಡ್ಡಾಗಿದ್ದರು.

ಸುಮಾರು 7.20ಕ್ಕೆ ಹೊಳೆಯ ಕಡೆಯಿಂದ ಗಂಡಸರು ಗೋಳಿಡುವ ದನಿ ಕೇಳಿತು. ನಮ್ಮಲ್ಲಿ ಸಾವಿನ ಮನೆಗೆ ಬರುವ ಗಂಡಸರು ಕುದುರೆಯನ್ನು ನಾಗಾಲೋಟದಲ್ಲಿ ಓಡಿಸುತ್ತಾ, ಗಟ್ಟಿಯಾಗಿ ಅಳುತ್ತಾ ಬರುತ್ತಾರೆ. ಮೂರು ಕುದುರೆಗಳು ನೇರ ನಮ್ಮ ಬಾಗಿಲಿಗೇ ಬರುತ್ತಿದ್ದವು. ನನ್ನ ಕೈಯಲ್ಲಿದ್ದ ಮಾಂಸದ ತಟ್ಟೆ ಕೆಳಗೆ ಬಿತ್ತು. ಜೀಪು ಘಾಟಿಯಲ್ಲಿ ಉರುಳಿರಬೇಕು, ಗಂಡ ಹೋದರು, ನನಗಿಂತ ಮೊದಲೇ ಈ ಸವಾರರಿಗೆ ಸುದ್ದಿ ಮುಟ್ಟಿದೆ ಎಂದುಕೊಂಡೆ. ಪ್ರವಾಸಿಗರಲ್ಲಿ ಹಿರಿಯ ಹೆಂಗಸೊಬ್ಬರು ಯಾರು ತೀರಿಕೊಂಡರೆಂದು ಕೇಳಿದರು. "ನಂಗೊತ್ತಿಲ್ಲಮ್ಮ, ನಮ್ಮನೇವ್ರೇ ಇರ್ಬೇಕು" ಎಂದು ನಾನೇ ನನ್ನ ಬಾಯಾರೆ ಹೇಳಿದೆ.

ಆದರೆ ಕುದುರೆಗಳು ನನ್ನನ್ನು ದಾಟಿ ಟೆಂಟಿನ ಕಡೆ ತಿರುಗಿದವು. ಮುಂದಿದ್ದವರು ಶಾರ್ಶೆನ್. ಮಾವನವರ ಹೆಸರು ಹಿಡಿದು, "ನನ್ನಣ್ಣ, ನನ್ನ ಬೆಟ್ಟ, ಬಿಟ್ಟೋದ್ಯಲ್ಲ. ನಿನ್ ಕುಮಿಸ್‌ನಲ್ಲಿ ನೀರಿರ್ಲಿಲ್ಲ ಕಣಣ್ಣ, ಹೊಟ್ಟೆಕಿಚ್ಚಿಗೆ ಹಂಗಂದೆ. ನೀನು ಬಂದು ಬಯ್ತೀಯ ಅಂತ ಕಾಯ್ತಾ ಕೂತಿದ್ದೆ. ಇನ್ನು ನನ್ನ ಯಾರು ಬಯ್ತಾರೆ" ಎಂದು ಎದೆ ಬಡಿದುಕೊಂಡು ಅಳುತ್ತಿದ್ದರು.

ಗಲಾಟೆಗೆ ಎಚ್ಚರವಾದ ಮಾವನವರು ಬಿಳಿ ಒಳ ಅಂಗಿಯಲ್ಲೇ ಟೆಂಟಿನಿಂದ ಹೊರಬಂದರು. ಕಂಬದ ಲಾಟೀನು ಬಿಚ್ಚಿ ಮುಖದ ಎತ್ತರಕ್ಕೆ ಹಿಡಿದು, "ಯಾರೋ ಸತ್ತಿದ್ದು, ಶಾರ್ಶೆನ್?" ಎಂದು ಕೇಳಿದರು. ಒಂಬತ್ತು ವರ್ಷದ ನಂತರ ಅವರು ಆಡಿದ ಮೊದಲ ಮಾತು ಅದು. ಶಾರ್ಶೆನ್ ಅವರ ಅಳು ಅರ್ಧಕ್ಕೇ ನಿಂತಿತು. ಕುದುರೆ ಬೆದರಿ ಪಕ್ಕಕ್ಕೆ ಹಾರಿತು, ಅವರು ಅಂಗಾತ ಬಿದ್ದರು. ಮಾವನವರು ಲಾಟೀನು ಬಿಸಾಕಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಶಾರ್ಶೆನ್ ಅವರು ಕಣ್ಣು ಬಿಟ್ಟು ನೋಡಿ, ಮತ್ತೆ ಮುಚ್ಚಿಕೊಂಡರು.

ಏನಾಯಿತೆಂದು ಆಗ ಅವರ ಹಿರಿಯ ಮಗ ಮೆದೆರ್‌ನಿಂದ ತಿಳಿಯಿತು. ನಮ್ಮಲ್ಲಿ ಸತ್ತವರಿಗೆ ಬೇರೆಯೇ ಗುಡಾರ ಹಾಕಿ, ಪಕ್ಕದಲ್ಲಿ ದೀಪ ಇಟ್ಟು, ಬಂದವರ ಊಟಕ್ಕೆ ಕುರಿ ಕೊಯ್ಯುವ ರೂಢಿಯಿದೆ. ಆಚೆ ದಡದಿಂದ ಅವರಿಗೆ ಕಂಡದ್ದು ಹೊಸದಾಗಿ ಎದ್ದ ಬಿಳಿ ಟೆಂಟ್, ಎರಡು ಸಂಜೆ ದೀಪ, ಕಾರುಗಳು, ಕುರಿ ಕೊಯ್ದದ್ದು. ಹೊರಗೆ ಓಡಾಡುವ ಮಾವನವರು ಕಾಣಲಿಲ್ಲ, ಮಂಡಿನೋವಿಗೆ ಅವರು ದಿನವಿಡೀ ಮಲಗಿದ್ದರು. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಇದ್ದರೂ ನಿಮ್ಮ ಮನೆಯವರು ಸತ್ತರೇ ಎಂದು ಯಾರೂ ಕೇಳುವುದಿಲ್ಲ. ಹೇಳಿಕಳಿಸಲಿಲ್ಲವೆಂಬ ನೋವು ನುಂಗಿಕೊಂಡೇ ಶಾರ್ಶೆನ್ ಅವರು ಕುದುರೆ ಹತ್ತಿದರಂತೆ. ನಾನು ದೀಪ ಹಚ್ಚುವಾಗ ಇದು ಹೊಳೆಯಲೇ ಇಲ್ಲ. ನನ್ನ ಬುದ್ಧಿಗೆ ಮಂಕು ಕವಿದಿತ್ತು, ಅದನ್ನು ಒಪ್ಪುತ್ತೇನೆ. ಎಂಟು ಗಂಟೆಗೆ ನನ್ನ ಗಂಡ ಜೀಪಿನ ಟೈರು ಬದಲಿಸಿಕೊಂಡು ಬಂದರು. ಅದೇ ಜೀಪಿನಲ್ಲಿ ಶಾರ್ಶೆನ್ ಅವರನ್ನು ಆಸ್ಪತ್ರೆಗೆ ಸಾಗಿಸಿದೆವು.

ತೊಡೆಯ ಮೂಳೆ ಮುರಿದಿದೆ, ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ನಿನ್ನೆಯಿಂದ ಅವರು ಅನ್ನ ನೀರು ಮುಟ್ಟಿಲ್ಲ. ಸತ್ತ ಅಣ್ಣ ದೀಪ ಹಿಡಿದು ಕರೆಯಲು ಬಂದಿದ್ದಾನೆ, ತಾನು ಹೊರಡುತ್ತೇನೆ ಎನ್ನುತ್ತಿದ್ದಾರೆ. ಮಾವನವರು ಬದುಕಿದ್ದಾರೆ ಎಂದು ಮಕ್ಕಳು ಹೇಳಿದರೆ, ಸಮಾಧಾನಕ್ಕೆ ಸುಳ್ಳು ಹೇಳಬೇಡಿ ಎಂದು ಗೋಡೆಗೆ ಮುಖ ತಿರುಗಿಸುತ್ತಾರಂತೆ. ಮಾವನವರು ಹೋದರೆ ಮೆದೆರ್ ವಾರ್ಡಿನ ಬಾಗಿಲಲ್ಲೇ ಅಡ್ಡ ನಿಂತು, "ಒಂದ್ಸಲ ನೋಡಿದ್ದಕ್ಕೇ ಹಿಂಗಾಗದೆ ದೊಡ್ಡಪ್ಪ, ಇನ್ನೊಂದ್ಸಲ ನೋಡಿದ್ರೆ ಉಳಿಯಲ್ಲ" ಎಂದು ಎರಡು ಸಲ ವಾಪಸು ಕಳಿಸಿದ್ದಾನೆ. ನಾನು ಬೇಕೆಂದೇ ದೀಪ ಹಚ್ಚಿ ಹೆದರಿಸಿದೆನೆಂದು ದೂರು ಕೊಟ್ಟವನೂ ಅವನೇ. ಅವನ ಸಂಕಟಕ್ಕೆ ನನ್ನ ಮೇಲೆ ಎಷ್ಟು ಬೇಕಾದರೂ ಬರೆಸಲಿ.

ನನ್ನ ಕೋರಿಕೆ ಒಂದೇ. ಹಗಲು ಹೊತ್ತಿನಲ್ಲಿ, ಸಾಹೇಬರ ಸಮಕ್ಷಮ, ಮಾವನವರನ್ನು ವಾರ್ಡಿನೊಳಗೆ ಬಿಡಿಸಬೇಕು. ಅವರು ಈಗ ಠಾಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾರೆ. ಒಳಗೆ ಹೋಗಿ ಏನು ಮಾಡುವಿರಿ ಎಂದು ಕೇಳಿದ್ದಕ್ಕೆ, "ಬಯ್ತೀನಿ. ಒಂಬತ್ತು ವರ್ಷದ್ದೂ ಸೇರಿಸಿ ಬಯ್ತೀನಿ. ಸತ್ತೋರು ಯಾರಾದ್ರೂ ಬಯ್ತಾರೇನಮ್ಮ" ಎಂದರು.

ಮೇಲೆ ಬರೆಸಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು, ಕೇಳಿದ್ದು ಇಷ್ಟೇ. ಇದರಲ್ಲಿ ಕೂಡಿಸಿದ್ದಾಗಲಿ ಬಚ್ಚಿಟ್ಟದ್ದಾಗಲಿ ಇಲ್ಲ.

ಸ್ಥಳ: ಸೂಸಾಮಿರ್ ಪೊಲೀಸ್ ಠಾಣೆ
ದಿನಾಂಕ: ಸೆಪ್ಟೆಂಬರ್ 21, ಬೆಳಿಗ್ಗೆ 10.30
ಸಹಿ: ಬುರುಲ್